ಇಂಟರ್ನೆಟ್ ಮೂಲಕ ಟೆಲಿಫೋನು ಮಾತು: ಅದರ ಅನುಕೂಲವೂ ಅಪಾಯವೂ

ನಮ್ಮ ಪಾಣೆಮಂಗಳೂರಿನಲ್ಲಿ ಸಂಜೆಯ ಹೊತ್ತು ಯಾವ ಓಣಿಯಲ್ಲಿ ನಡೆದು ಹೋದರೂ, ಜಗಲಿಯ ಮೇಲೆ ಕುಳಿತು ಅಂಗೈಯೊಳಗಿನ ಫೋನಿನೊಡನೆ ಮಾತನಾಡುವ ತಾಯಂದಿರನ್ನು ಕಾಣಬಹುದು. ಮಗನು ದುಬೈಯಲ್ಲಿ, ಮಗಳು ಮಸ್ಕತ್ತಿನಲ್ಲಿ, ಅಳಿಯನು ದಮ್ಮಾಮಿನಲ್ಲಿ. ಆದರೂ ಅವರ ಮುಖವು ಕಣ್ಣೆದುರಿಗೇ ಇರುವುದು. ಮೊಮ್ಮಗುವಿನ ಮೊದಲ ತೊದಲ್ನುಡಿಯನ್ನು ಅಜ್ಜಿಯು ನೇತ್ರಾವತಿಯ ದಡದಲ್ಲಿ ಕುಳಿತೇ ಕೇಳುವಳು. ಇದಕ್ಕಾಗಿ ಬೇರೆ ಖರ್ಚೂ ಇಲ್ಲ.

ನಮ್ಮ ಹಳೆವಿದ್ಯಾರ್ಥಿನಿಯರಲ್ಲಿ ಹಿರಿಯರಾದವರಿಗೆ ಹಿಂದಿನ ದಿನಗಳ ನೆನಪಿರಬಹುದು. ಪರವೂರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದಿರಬೇಕಾಗಿತ್ತು. ಗಲ್ಫಿಗೆ ಹೋದವರು ತಮ್ಮ ಧ್ವನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ತರುವಾಯ ಎಸ್.ಟಿ.ಡಿ. ಬೂತುಗಳು ಬಂದವು, ಅಲ್ಲಿ ಓಡುವ ಮೀಟರಿನ ಅಂಕೆಗಳನ್ನೇ ನೋಡುತ್ತ, ಹೇಳಬೇಕಾದದ್ದರಲ್ಲಿ ಅರ್ಧವನ್ನು ನುಂಗಿಕೊಳ್ಳುತ್ತಿದ್ದೆವು. ಆ ಕಷ್ಟವು ತೀರಿತೆಂಬುದು ಸಂತೋಷದ ಸಂಗತಿ. ಆದಕಾರಣ ಈ ಹೊಸ ಸಾಧನವನ್ನು ದೂರುವುದಕ್ಕಾಗಿ ನಾವು ಲೇಖನಿಯನ್ನು ಹಿಡಿದವರಲ್ಲ.

ಆದರೆ ತಾಯ್ತಂದೆಗಳು ಶಾಲೆಗೆ ಬಂದಾಗ ನಮ್ಮೊಡನೆ ಆಗಾಗ ಕೇಳುವ ಪ್ರಶ್ನೆಯೊಂದುಂಟು: "ಇಂಟರ್ನೆಟ್ಟಿನಲ್ಲಿ ನಾವಾಡುವ ಮಾತನ್ನು ಬೇರೆಯವರು ಕೇಳುವುದುಂಟೇ?" ಈ ಪ್ರಶ್ನೆಗೆ ನಾವು ಬಲ್ಲಷ್ಟು ಉತ್ತರವನ್ನು ಇಲ್ಲಿ ಕೊಡುವೆವು. ಅದರೊಡನೆಯೇ, ಹೆಚ್ಚಿನವರು ಕೇಳದೆ ಬಿಡುವ ಇನ್ನೊಂದು ಪ್ರಶ್ನೆಯನ್ನೂ ಮುಂದಿಡುವೆವು: "ಆ ಕಡೆಯಿಂದ ಮಾತನಾಡುವವರು ನಿಜವಾಗಿ ಯಾರು?" ಇಂದು ಮನೆಗಳಲ್ಲಿ ಕಣ್ಣೀರು ಹರಿಯುವುದು ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನು ಕೇಳದಿರುವುದರಿಂದಲೇ.

ಮಾತು ಸಾಗುವ ಬಗೆ

೧೮೭೬ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಪೇಟೆಂಟು ಪಡೆದ ಟೆಲಿಫೋನಿನಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಂತಿಯ ದಾರಿಯೊಂದಿತ್ತು. ಇಬ್ಬರು ಮಾತನಾಡುವಷ್ಟು ಹೊತ್ತು ಆ ದಾರಿಯು ಅವರಿಬ್ಬರದೇ. ಇಂಟರ್ನೆಟ್ಟಿನ ಕ್ರಮವು ಹಾಗಲ್ಲ. ಇಲ್ಲಿ ಫೋನು ನಮ್ಮ ಧ್ವನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕೆಗಳನ್ನಾಗಿ ಮಾಡುವುದು. ಆ ಅಂಕೆಗಳನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಕಟ್ಟಿ, ಒಂದೊಂದರ ಮೇಲೆಯೂ ವಿಳಾಸವನ್ನು ಬರೆದು ಕಳುಹಿಸುವುದು. ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತು ಸುಮಾರು ೫೦ ಕಟ್ಟುಗಳಾಗುವುದು. ಒಂದು ಕಾಗದವನ್ನು ಚೂರು ಚೂರಾಗಿ ಕತ್ತರಿಸಿ, ಚೂರಿಗೊಂದು ಲಕ್ಕೋಟೆಯಂತೆ ಅಂಚೆಗೆ ಹಾಕಿ, ಸೇರಿದಲ್ಲಿ ಪುನಃ ಜೋಡಿಸಿ ಓದಿದರೆ ಹೇಗೋ ಹಾಗೆ. ಈ ಲಕ್ಕೋಟೆಗಳು ಹಲವು ಕಂಪೆನಿಗಳ, ಹಲವು ದೇಶಗಳ ಯಂತ್ರಗಳನ್ನು ದಾಟಿ ಹೋಗುವುವು. ನಮ್ಮ ದೇಶದಲ್ಲಿ ಇಂಟರ್ನೆಟ್ ಮೂಲಕ ಟೆಲಿಫೋನು ಮಾತಿಗೆ ಸರಕಾರವು ೨೦೦೨ರ ಎಪ್ರಿಲ್ ೧ರಿಂದ ಕೆಲವು ನಿಬಂಧನೆಗಳೊಡನೆ ಅಪ್ಪಣೆ ಕೊಟ್ಟಿತು.

ಅಪಾಯವು ಮೂರು ಕಡೆಗಳಲ್ಲಿ ಇರಬಹುದು: ದಾರಿಯಲ್ಲಿ, ಮನೆಯಲ್ಲಿ ಎಂದರೆ ಫೋನಿನ ಒಳಗೆ, ಮತ್ತು ಬಾಗಿಲು ತಟ್ಟಿದವರಲ್ಲಿ. ಒಂದೊಂದನ್ನಾಗಿ ನೋಡೋಣ.

ದಾರಿಯ ಅಪಾಯ

ಮುಚ್ಚದ ಲಕ್ಕೋಟೆಯನ್ನು ದಾರಿಯಲ್ಲಿರುವ ಯಾರೂ ಓದಬಹುದು. ಮೊದಲಿನ ದಿನಗಳಲ್ಲಿ ಇಂಟರ್ನೆಟ್ಟಿನ ಮಾತು ಬಹಳ ಕಡೆಗಳಲ್ಲಿ ಹೀಗೆಯೇ ತೆರೆದು ಸಾಗುತ್ತಿತ್ತು. ಈಗ ಹೆಚ್ಚಿನವರು ಬಳಸುವ ವಾಟ್ಸಾಪಿನಲ್ಲಿ ೨೦೧೬ರ ಎಪ್ರಿಲ್‌ನಿಂದ ಎಲ್ಲ ಮಾತುಗಳಿಗೂ ಬೀಗ ಹಾಕುವ ಏರ್ಪಾಡು ಉಂಟು. ಈ ಬೀಗದ ಬೀಗದಕೈಗಳು ಮಾತನಾಡುವ ಎರಡು ಫೋನುಗಳಲ್ಲಿ ಮಾತ್ರವೇ ಇರುವುವು; ನಡುವಿನ ಕಂಪೆನಿಯ ಕೈಯಲ್ಲಿಯೂ ಇರುವುದಿಲ್ಲ. ಆದುದರಿಂದ ದಾರಿಯಲ್ಲಿ ನಿಂತು ಮಾತನ್ನು ಕದ್ದು ಕೇಳುವುದು ಸುಲಭವಲ್ಲವೆಂದು ಧೈರ್ಯವಾಗಿ ಹೇಳಬಹುದು.

ಆದರೆ ಈ ಬೀಗಕ್ಕೂ ಮಿತಿಯುಂಟು. ಇಂಟರ್ನೆಟ್ಟಿನಿಂದ ಸಾಮಾನ್ಯ ಟೆಲಿಫೋನು ನಂಬರಿಗೆ ಕರೆಯುವಾಗ, ಆ ಎರಡು ದಾರಿಗಳು ಕೂಡುವಲ್ಲಿ ಬೀಗವನ್ನು ತೆಗೆಯಲೇಬೇಕಾಗುವುದು. ಅದಲ್ಲದೆ ಬೀಗವು ಒಳಗಿನ ಮಾತನ್ನು ಮರೆಮಾಡುವುದೇ ಹೊರತು, ಲಕ್ಕೋಟೆಯ ಹೊರಮೈಯನ್ನಲ್ಲ. ಯಾರು ಯಾರನ್ನು ಯಾವಾಗ ಕರೆದರು, ಎಷ್ಟು ಹೊತ್ತು ಮಾತನಾಡಿದರು ಎಂಬುದು ಹೊರಗಿನಿಂದಲೇ ತಿಳಿಯಬಹುದು. ೨೦೦೮ರಲ್ಲಿ ಅಮೇರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ವಿಚಿತ್ರವಾದ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಕೆಲವು ಬಗೆಯ ಇಂಟರ್ನೆಟ್ ಕರೆಗಳಲ್ಲಿ ಶಬ್ದಕ್ಕೆ ತಕ್ಕಂತೆ ಕಟ್ಟುಗಳು ಹಿರಿದೂ ಕಿರಿದೂ ಆಗುವುದರಿಂದ, ಬೀಗವನ್ನು ಮುರಿಯದೆಯೇ ಅವುಗಳ ಅಳತೆಯನ್ನು ನೋಡಿ ಆಡಿದ ಕೆಲವು ವಾಕ್ಯಗಳನ್ನು ಗುರುತಿಸಬಹುದೆಂದು ಅವರು ಕಂಡುಕೊಂಡರು. ಗೋಡೆಗೂ ಕಿವಿಯುಂಟೆಂಬ ಮಾತು ಬೀಗ ಹಾಕಿದ ಪೆಟ್ಟಿಗೆಗೂ ಸಲ್ಲುವುದೆಂದಾಯಿತು.

ಮಾತನ್ನು ಕದ್ದು ಕೇಳುವುದು ಇಂಟರ್ನೆಟ್ಟಿನೊಡನೆ ಹುಟ್ಟಿದ ಕೆಡುಕಲ್ಲ. ನಮ್ಮ ಕರ್ನಾಟಕದಲ್ಲಿಯೇ ಟೆಲಿಫೋನು ಕದ್ದಾಲಿಕೆಯ ಆರೋಪವು ಎದ್ದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ೧೯೮೮ರ ಆಗೋಸ್ತು ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಟೆಲಿಫೋನಿನಲ್ಲಿ ಮಾತನಾಡುವುದು ವ್ಯಕ್ತಿಯ ಖಾಸಗಿ ಬಾಳಿಗೆ ಸೇರಿದ್ದು, ಕಾನೂನಿನ ಕ್ರಮವಿಲ್ಲದೆ ಅದನ್ನು ಆಲಿಸಕೂಡದು ಎಂದು ಸುಪ್ರೀಂ ಕೋರ್ಟು ೧೯೯೬ರ ದಶಂಬರದಲ್ಲಿ ತೀರ್ಪಿತ್ತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ೨೦೧೭ರ ಆಗೋಸ್ತು ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ತಾಯಿಯೂ ಮಗಳೂ ಆಡುವ ಮನೆಮಾತಿಗೆ ಇಷ್ಟು ದೊಡ್ಡ ನ್ಯಾಯಾಲಯದ ಕಾವಲು ಉಂಟೆಂಬುದನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು.

ಮನೆಯೊಳಗಿನ ಅಪಾಯ

ಪಾಣೆಮಂಗಳೂರಿನ ಸೇತುವೆಯ ಮೇಲೆ ಹಗಲಿರುಳು ಕಾವಲಿಟ್ಟರೂ, ಕಳ್ಳನು ಮೊದಲೇ ಮನೆಯ ಅಟ್ಟದಲ್ಲಿ ಅಡಗಿದ್ದರೆ ಏನು ಪ್ರಯೋಜನ? ಮಾತು ಬೀಗದೊಳಗೆ ಸೇರುವ ಮುಂಚೆಯೇ ಅವನ ಕಿವಿಗೆ ಬೀಳುವುದು. ಫೋನಿನ ಸ್ಥಿತಿಯೂ ಹೀಗೆಯೇ.

೨೦೧೯ರ ಜನವರಿಯಲ್ಲಿ ಆಪಲ್ ಕಂಪೆನಿಯ ಫೇಸ್‌ಟೈಮ್ ಎಂಬ ಕರೆಯ ಏರ್ಪಾಡಿನಲ್ಲಿ ಒಂದು ದೋಷವು ಬೆಳಕಿಗೆ ಬಂತು. ಕರೆಯನ್ನು ಎತ್ತುವುದಕ್ಕೆ ಮುಂಚೆಯೇ, ಕರೆದವನು ಆ ಕಡೆಯ ಕೋಣೆಯ ಮಾತನ್ನು ಕೇಳಬಹುದಾಗಿತ್ತು. ಇದನ್ನು ಕಂಡುಹಿಡಿದವನು ಅಮೇರಿಕದ ೧೪ ವರ್ಷದ ಒಬ್ಬ ಶಾಲಾಬಾಲಕನು. ಕಂಪೆನಿಗೆ ತಿಳಿಸಲು ಹೆಣಗಿದವಳು ಅವನ ತಾಯಿ. ಮಕ್ಕಳು ಫೋನಿನ ವಿಷಯದಲ್ಲಿ ಏನಾದರೂ ಹೇಳಬಂದರೆ "ನಿನಗೇನು ತಿಳಿಯುತ್ತದೆ" ಎಂದು ಬಾಯಿ ಮುಚ್ಚಿಸಬಾರದೆಂಬುದಕ್ಕೆ ಇದೊಂದೇ ನಿದರ್ಶನವು ಸಾಕು.

ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೂ ಭಯಂಕರವಾದ ಸಂಗತಿಯು ಹೊರಬಿತ್ತು. ಇಸ್ರೇಲಿನ ಎನ್.ಎಸ್.ಓ. ಎಂಬ ಕಂಪೆನಿಯ ಗೂಢಚಾರ ತಂತ್ರಾಂಶವು ಕೇವಲ ಒಂದು ವಾಟ್ಸಾಪ್ ಕರೆಯ ಮೂಲಕ ಫೋನಿನೊಳಗೆ ನುಗ್ಗುತ್ತಿತ್ತು. ಕರೆಯನ್ನು ಎತ್ತಬೇಕೆಂದೂ ಇರಲಿಲ್ಲ. ಸುಮಾರು ೧,೪೦೦ ಫೋನುಗಳು ಇದಕ್ಕೆ ಗುರಿಯಾದುವು. ಅವರಲ್ಲಿ ನಮ್ಮ ದೇಶದ ಪತ್ರಕರ್ತರೂ ಸಮಾಜಸೇವಕರೂ ಇದ್ದರು. ಅಮೇರಿಕದ ನ್ಯಾಯಾಲಯವು ೨೦೨೪ರ ದಶಂಬರದಲ್ಲಿ ಆ ಕಂಪೆನಿಯನ್ನು ತಪ್ಪಿತಸ್ಥನೆಂದು ನಿರ್ಣಯಿಸಿತು. ಇಂಥ ದುಬಾರಿಯಾದ ಆಯುಧವನ್ನು ಸಾಮಾನ್ಯ ಗೃಹಸ್ಥರ ಮೇಲೆ ಯಾರೂ ಎತ್ತಲಾರರು. ಆದರೂ ಇದರಿಂದ ಕಲಿಯತಕ್ಕ ಪಾಠವು ಎಲ್ಲರಿಗೂ ಒಂದೇ. ದೋಷವು ತಿಳಿದ ಕೂಡಲೆ ಕಂಪೆನಿಯು ಅದನ್ನು ಸರಿಪಡಿಸಿ ಹೊಸ ಆವೃತ್ತಿಯನ್ನು ಕಳುಹಿಸುವುದು. "ಅಪ್‌ಡೇಟ್ ಮಾಡಿರಿ" ಎಂದು ಫೋನು ಕೇಳುವಾಗ ನಾಳೆ ನಾಡಿದು ಎಂದು ಮುಂದೂಡುವವರು, ಮುರಿದ ಅಗುಳಿಯನ್ನು ಹಾಗೆಯೇ ಬಿಟ್ಟು ಮಲಗುವವರಂತೆ ಇರುವರು.

ನಮ್ಮ ಊರಿನವರಿಗೆ ಹತ್ತಿರದ ಉದಾಹರಣೆಯು ಗಲ್ಫಿನದು. ದುಬೈ, ಅಬುಧಾಬಿ ಮುಂತಾದ ಸಂಸ್ಥಾನಗಳು ಸೇರಿದ ಸಂಯುಕ್ತ ಅರಬ್ ರಾಜ್ಯದಲ್ಲಿ ಸಂದೇಶವನ್ನು ವಾಟ್ಸಾಪಿನಲ್ಲಿ ಕಳುಹಿಸಬಹುದಾದರೂ ಅದರ ಕರೆಗಳಿಗೆ ಬಹುಕಾಲದಿಂದ ತಡೆಯುಂಟು. ಲೈಸೆನ್ಸು ಪಡೆದ ಕೆಲವು ಆ್ಯಪ್‌ಗಳಲ್ಲಿ ಮಾತ್ರ ಮಾತನಾಡಬಹುದು. ಹೀಗಿರುವಾಗ ೨೦೧೯ರಲ್ಲಿ ಟೊಟೊಕ್ ಎಂಬ ಹೊಸ ಆ್ಯಪ್ ಬಂತು. ಅದರಲ್ಲಿ ಧ್ವನಿಯೂ ಚಿತ್ರವೂ ತಡೆಯಿಲ್ಲದೆ, ಖರ್ಚಿಲ್ಲದೆ ಸಾಗುತ್ತಿದ್ದುವು. ಮನೆಯ ಮುಖವನ್ನು ಕಾಣಲು ಹಂಬಲಿಸುತ್ತಿದ್ದವರಿಗೆ ಇದಕ್ಕಿಂತ ಬೇರೇನು ಬೇಕು? ಲಕ್ಷಾಂತರ ಜನರು ಅದನ್ನು ಹಾಕಿಕೊಂಡರು. ಆ ದಶಂಬರದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು, ಈ ಆ್ಯಪ್ ಆ ದೇಶದ ಸರಕಾರಕ್ಕೆ ಬಳಕೆದಾರರ ಮಾತು, ಚಲನವಲನ, ಸಂಬಂಧಗಳನ್ನು ತಿಳಿದುಕೊಳ್ಳುವ ಸಾಧನವಾಗಿದೆಯೆಂದು ಪ್ರಕಟಿಸಿತು. ಅದನ್ನು ನಡೆಸುವವರು ಈ ಮಾತನ್ನು ಅಲ್ಲಗಳೆದರು. ಆದರೂ ಆಪಲ್ ಮತ್ತು ಗೂಗಲ್ ಕಂಪೆನಿಗಳು ತಮ್ಮ ಅಂಗಡಿಗಳಿಂದ ಅದನ್ನು ತೆಗೆದುಹಾಕಿದವು.

ಕಥೆಯು ಅಲ್ಲಿಗೆ ಮುಗಿಯಲಿಲ್ಲ. ೨೦೨೫ರ ಅಕ್ಟೋಬರದಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆಯು, ಟೊಟೊಕಿನ ಹೆಸರನ್ನೂ ಸಿಗ್ನಲ್ ಎಂಬ ಇನ್ನೊಂದು ಆ್ಯಪಿನ ಹೆಸರನ್ನೂ ಹೊತ್ತ ನಕಲಿ ಆ್ಯಪ್‌ಗಳು ಅದೇ ದೇಶದಲ್ಲಿ ಹರಡಿವೆಯೆಂದು ಎಚ್ಚರಿಸಿತು. ಅವು ಫೋನಿನಲ್ಲಿರುವ ನಂಬರುಗಳನ್ನೂ ಸಂದೇಶಗಳನ್ನೂ ಕಡತಗಳನ್ನೂ ಕದ್ದು ಕಳುಹಿಸುವುವು. ಇವು ಯಾವುವೂ ಆ್ಯಪ್ ಅಂಗಡಿಯಲ್ಲಿ ಸಿಕ್ಕುವಂಥವಲ್ಲ. ಬೇರೆ ತಾಣದಿಂದ ಇಳಿಸಿ ಕೈಯಾರೆ ಹಾಕಿಕೊಳ್ಳಬೇಕು. "ಇದನ್ನು ಹಾಕಮ್ಮಾ, ಇದರಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದೆ" ಎಂದು ಮಗನೇ ಕಳುಹಿಸಿದ ಕೊಂಡಿಯಾದರೂ, ಅದು ಅವನಿಗೆ ಎಲ್ಲಿಂದ ಬಂತೆಂದು ವಿಚಾರಿಸುವುದು ಒಳ್ಳೆಯದು. ಅಗಲಿಕೆಯ ದುಃಖವನ್ನೇ ಬಂಡವಾಳ ಮಾಡಿಕೊಳ್ಳುವವರು ಲೋಕದಲ್ಲಿ ಇದ್ದಾರೆ.

ಬಾಗಿಲು ತಟ್ಟಿದವರು ಯಾರು?

ಇನ್ನು ಮೂರನೆಯ ಅಪಾಯ. ಇದುವೇ ಎಲ್ಲಕ್ಕಿಂತ ದೊಡ್ಡದು. ಇಂಟರ್ನೆಟ್ಟಿನ ಕರೆಯಲ್ಲಿ ಫೋನಿನ ಮೇಲೆ ಮೂಡುವ ನಂಬರನ್ನು ಸುಳ್ಳಾಗಿ ತೋರಿಸಬಹುದು. ಲಕ್ಕೋಟೆಯ ಹಿಂಬದಿಯಲ್ಲಿ ಯಾರೂ ಯಾರ ವಿಳಾಸವನ್ನಾದರೂ ಬರೆಯಬಹುದಲ್ಲವೇ?

೨೦೨೧ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಪೊಲೀಸರೂ ಸೇನೆಯ ಗುಪ್ತಚರ ವಿಭಾಗದವರೂ ಕೂಡಿ ನಗರದಲ್ಲಿ ಕಳ್ಳ ಟೆಲಿಫೋನು ಎಕ್ಸ್‌ಚೇಂಜೊಂದನ್ನು ಪತ್ತೆಹಚ್ಚಿದರು. ಅಲ್ಲಿ ಸಿಮ್ ಬಾಕ್ಸ್ ಎಂಬ ೩೨ ಪೆಟ್ಟಿಗೆಗಳಲ್ಲಿ ಒಮ್ಮೆಲೇ ೯೬೦ ಸಿಮ್ಮುಗಳು ದುಡಿಯುತ್ತಿದ್ದವು. ಪರದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯು ಈ ಪೆಟ್ಟಿಗೆಯನ್ನು ಹೊಕ್ಕು ಹೊರಬರುವಾಗ ನಮ್ಮ ದೇಶದ ಮೊಬೈಲ್ ನಂಬರಿನ ವೇಷವನ್ನು ಧರಿಸುತ್ತಿತ್ತು. ಸರಕಾರದ ಆದಾಯಕ್ಕೆ ನಷ್ಟ. ಕರೆದವನು ಎಲ್ಲಿಯವನೆಂಬ ಗುರುತಿಗೂ ನಾಶ. ಮುಂದೆ ೨೦೨೪ರ ಅಕ್ಟೋಬರದಲ್ಲಿ, ಹೊರದೇಶದಿಂದ ಭಾರತದ ನಂಬರಿನ ವೇಷದಲ್ಲಿ ಬರುವ ಕರೆಗಳನ್ನು ತಡೆಯುವ ಏರ್ಪಾಡನ್ನು ಕೇಂದ್ರ ಸರಕಾರವು ಪ್ರಾರಂಭಿಸಿದಾಗ, ಮೊದಲ ೨೪ ಗಂಟೆಗಳಲ್ಲಿಯೇ ಸುಮಾರು ೧ ಕೋಟಿ ೩೫ ಲಕ್ಷ ಕರೆಗಳು ಸಿಕ್ಕಿಬಿದ್ದವು. ಆದರೆ ವಾಟ್ಸಾಪಿನಂಥ ಆ್ಯಪ್‌ಗಳ ಒಳಗಿನ ಕರೆಗಳಿಗೆ ಈ ಜರಡಿಯು ಮುಟ್ಟುವುದಿಲ್ಲ.

ಮನೆಯಲ್ಲಿ ಒಂಟಿಯಾಗಿರುವ ತಾಯಿಯೊಬ್ಬರಿಗೆ ಬೆಳಗ್ಗೆ ಹತ್ತು ಗಂಟೆಗೆ ವೀಡಿಯೋ ಕರೆ ಬಂತೆಂದಿಟ್ಟುಕೊಳ್ಳೋಣ. ಎದುರಿಗೆ ಪೊಲೀಸ್ ಉಡುಪಿನ ಗಂಡಸು. ಹಿಂದೆ ಕಚೇರಿಯ ಗೋಡೆ. ಮಗನ ಹೆಸರಿನಲ್ಲಿ ಬಂದ ಪಾರ್ಸೆಲಿನಲ್ಲಿ ಮಾದಕ ಪದಾರ್ಥ ಸಿಕ್ಕಿದೆಯೆಂದು ಅವನು ಗದರಿಸುವನು. ಕರೆಯನ್ನು ಕಡಿಯಕೂಡದು, ಕೋಣೆಯನ್ನು ಬಿಟ್ಟು ಹೋಗಕೂಡದು, ಯಾರಿಗೂ ತಿಳಿಸಕೂಡದು ಎನ್ನುವನು. ಇದಕ್ಕೆ "ಡಿಜಿಟಲ್ ಅರೆಸ್ಟ್" ಎಂಬ ದೊಡ್ಡ ಹೆಸರು. ಕೊನೆಗೆ ಬಿಡುಗಡೆಗಾಗಿ ಹಣ. ಬೀಡಿ ಕಟ್ಟಿ ಕೂಡಿಟ್ಟದ್ದೋ, ಅಡಿಕೆ ಮಾರಿ ಬಂದದ್ದೋ, ಮಗಳ ಮದುವೆಗೆಂದು ಬ್ಯಾಂಕಿನಲ್ಲಿಟ್ಟದ್ದೋ, ಸಂಜೆಯಾಗುವುದರೊಳಗೆ ಪರರ ಪಾಲಾಗುವುದು. ಈ ಸಂಭಾಷಣೆಯುದ್ದಕ್ಕೂ ಬೀಗವು ಭದ್ರವಾಗಿಯೇ ಇತ್ತೆಂಬುದನ್ನು ವಾಚಕರು ಗಮನಿಸಬೇಕು. ದಾರಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ. ಕೇಳಬಾರದವನು ಆ ಕೊನೆಯಲ್ಲಿಯೇ ಕುಳಿತಿದ್ದನು.

೨೦೨೪ರ ಅಕ್ಟೋಬರ ೨೭ರಂದು ಪ್ರಧಾನಮಂತ್ರಿಗಳು ತಮ್ಮ ಮನ್ ಕೀ ಬಾತ್ ಭಾಷಣದಲ್ಲಿ ಈ ವಂಚನೆಯನ್ನು ವಿವರಿಸುವಾಗ, ನಮ್ಮ ವಿಜಯಪುರದ ಒಬ್ಬರಿಗೆ ಬಂದ ಇಂಥ ಕರೆಯನ್ನೇ ದೇಶಕ್ಕೆ ಕೇಳಿಸಿದರು. ಅಂಥ ಅರೆಸ್ಟು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದೂ ಸಾರಿದರು. ಪೊಲೀಸರು ವಿಚಾರಣೆಗೆ ಕರೆಯುವ ನೋಟೀಸನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಸಲ್ಲದೆಂದು ಸುಪ್ರೀಂ ಕೋರ್ಟು ೨೦೨೫ರ ಜನವರಿಯಲ್ಲಿ ಹೇಳಿತು. ನೋಟೀಸೇ ಸಲ್ಲದಲ್ಲಿ ಸೆರೆ ಹೇಗೆ ಸಲ್ಲುವುದು?

ಇನ್ನೊಂದು ಮಾತು. ಪರಿಚಿತರ ಸ್ವರವೂ ಈಗ ಪೂರ್ತಿ ನಂಬತಕ್ಕ ಗುರುತಲ್ಲ. ಒಬ್ಬರ ಮಾತಿನ ಚಿಕ್ಕದೊಂದು ತುಣುಕು ಸಿಕ್ಕಿದರೆ, ಯಂತ್ರವು ಅದೇ ಸ್ವರದಲ್ಲಿ ಬೇರೆ ಮಾತುಗಳನ್ನು ಆಡಬಲ್ಲುದು. "ಅಮ್ಮಾ, ಆಸ್ಪತ್ರೆಯಲ್ಲಿದ್ದೇನೆ, ಕೂಡಲೆ ಹಣ ಕಳುಹಿಸು" ಎಂಬ ಮಗನ ಕೂಗು ಕೇಳಿಸಿದರೂ, ಆತುರಪಡದೆ ಪರೀಕ್ಷಿಸಬೇಕಾದ ಕಾಲವಿದು. ತಾಯಿಯ ಕರುಳಿಗೆ ಇದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು.

ಮಾಡತಕ್ಕದ್ದು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗದಿರಲು, ಪ್ರತಿಯೊಂದು ಮನೆಯಲ್ಲಿಯೂ ಈ ಕೆಲವು ನಿಯಮಗಳನ್ನು ಪಾಲಿಸಬೇಕೆಂದು ಸೂಚಿಸುವೆವು.

ಒಂದನೆಯದು: ಹಣ, ಭಯ, ಆತುರ, ಗುಟ್ಟು, ಈ ನಾಲ್ಕರಲ್ಲಿ ಎರಡು ಕೂಡಿ ಬಂದ ಕರೆಯನ್ನು ಆ ಕ್ಷಣವೇ ಕಡಿಯಿರಿ. ಬಳಿಕ ನಿಮಗೆ ಮೊದಲಿನಿಂದ ತಿಳಿದ ನಂಬರಿಗೆ ನೀವಾಗಿಯೇ ಕರೆ ಮಾಡಿರಿ. ಕರೆ ಮಾಡಿದವನು ಕೊಟ್ಟ ನಂಬರಿಗೆ ಮಾಡಕೂಡದು.

ಎರಡನೆಯದು: ಮನೆಯವರೆಲ್ಲರೂ ಕೂಡಿ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಿರಿ. ಹಳೆಯ ಹಸುವಿನ ಹೆಸರಾದರೂ ಆದೀತು. ಅದನ್ನು ಹೇಳಲಾರದವನು ಮಗನ ಸ್ವರದಲ್ಲಿ ಮಾತನಾಡಿದರೂ ಮಗನಲ್ಲ.

ಮೂರನೆಯದು: ಕರೆಯ ನಡುವೆ ಯಾರೇ ಹೇಳಿದರೂ ನಿಮ್ಮ ಫೋನಿನ ಪರದೆಯನ್ನು ಅವರಿಗೆ ತೋರಿಸುವ ಗುಂಡಿಯನ್ನು ಒತ್ತಕೂಡದು. ಒತ್ತಿದರೆ ಬ್ಯಾಂಕಿನ ಓ.ಟಿ.ಪಿ. ಸಹ ಅವರ ಕಣ್ಣಿಗೆ ಬೀಳುವುದು.

ನಾಲ್ಕನೆಯದು: ಆ್ಯಪ್‌ಗಳನ್ನು ಫೋನಿನ ಸ್ವಂತ ಅಂಗಡಿಯಿಂದಲೇ ಪಡೆಯಿರಿ; ಅಪ್‌ಡೇಟನ್ನು ಮುಂದೂಡಬೇಡಿರಿ.

ಐದನೆಯದು: ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಅಪರಿಚಿತರ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಏರ್ಪಾಡು ೨೦೨೩ರಿಂದ ಉಂಟು. ನೀವಿರುವ ಊರಿನ ಸುಳಿವನ್ನು ಕೊಡಬಲ್ಲ ಇಂಟರ್ನೆಟ್ ವಿಳಾಸವನ್ನು ಕರೆಯ ಆಚೆಕಡೆಯವರಿಂದ ಮರೆಮಾಡುವ ಏರ್ಪಾಡೂ ಅಲ್ಲಿಯೇ ಇದೆ. ಎರಡನ್ನೂ ಹಾಕಿಕೊಳ್ಳಿರಿ.

ಆರನೆಯದು: ಹಣವು ಹೋಗಿದ್ದರೆ ನಾಚಿ ಕುಳಿತಿರಬೇಡಿರಿ. ಕೂಡಲೆ ೧೯೩೦ ನಂಬರಿಗೆ ತಿಳಿಸಿರಿ. ಬ್ಯಾಂಕಿಗೂ ಪೊಲೀಸ್ ಠಾಣೆಗೂ ದೂರು ಕೊಡಿರಿ. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಿಳಿಸಿದರೆ ತಡೆಹಿಡಿಯುವ ಆಶೆಯುಂಟು; ತಡವಾದಷ್ಟೂ ಅದು ಕ್ಷೀಣಿಸುವುದು.

ಕೊನೆಯದಾಗಿ, ಹೆಣ್ಣುಮಕ್ಕಳ ತಾಯ್ತಂದೆಗಳೊಡನೆ ನಮ್ಮ ಒಂದು ವಿಶೇಷ ಅರಿಕೆ. ವೀಡಿಯೋ ಕರೆಯನ್ನು ಆ ಕಡೆಯವನು ಗುಟ್ಟಾಗಿ ಅಚ್ಚೊತ್ತಿಕೊಳ್ಳಬಹುದು. ಆ ಚಿತ್ರವನ್ನು ತಿದ್ದಿ ವಿಕಾರಗೊಳಿಸಲೂಬಹುದು. ಹೀಗೆ ಬೆದರಿಕೆಗೆ ಸಿಕ್ಕಿದ ಹುಡುಗಿಯು ಮೊದಲು ಅಂಜುವುದು ಆ ದುಷ್ಟನಿಗಲ್ಲ, ಮನೆಯವರಿಗೆ. "ಅಪ್ಪನಿಗೆ ತಿಳಿದರೆ ಏನಾದೀತು? ಶಾಲೆಯನ್ನೇ ಬಿಡಿಸಿಯಾರು" ಎಂದು ಅವಳು ಬಾಯಿಮುಚ್ಚಿಕೊಂಡಿರುವಷ್ಟು ದಿನ ಅವನ ಹಿಡಿತವು ಬಿಗಿಯಾಗುತ್ತ ಹೋಗುವುದು. ಮೇಲೆ ಹೇಳಿದ ತಾಯಿಗೆ "ಯಾರಿಗೂ ತಿಳಿಸಕೂಡದು" ಎಂದು ಅಪ್ಪಣೆಮಾಡಿದವನ ಬಲವೂ ಇದೇ ಅಲ್ಲವೇ? ಇಬ್ಬರನ್ನೂ ಕಟ್ಟಿಹಾಕುವ ಹಗ್ಗವು ಗುಟ್ಟು. ಆದುದರಿಂದ ಮಗಳು ಅಳುತ್ತ ಬಂದು ಹೇಳುವಾಗ ಮೊದಲು ಕೇಳಿರಿ. ಗದರಿಸುವ ಮನಸ್ಸಿದ್ದರೆ ಅದನ್ನು ಒಂದು ವಾರ ಮುಂದಕ್ಕೆ ಹಾಕಿರಿ. ಬಹುಶಃ ಅಷ್ಟರಲ್ಲಿ ಅದರ ಅಗತ್ಯವೇ ತೀರಿಹೋಗಿರುವುದು.

ಪ್ರಿಯ ಹಳೆವಿದ್ಯಾರ್ಥಿನಿಯರೇ, ಓದುಬರಹ ಬಾರದ ತಾಯಂದಿರಿಗೆ ಬಂದ ಕಾಗದಗಳನ್ನು ಶಾಲೆಗೆ ಹೋಗುವ ಹುಡುಗಿಯರು ಓದಿ ಹೇಳುತ್ತಿದ್ದ ಕಾಲವೊಂದಿತ್ತು. ಅದೇ ಸೇವೆಯು ಈಗ ಹೊಸ ರೂಪದಲ್ಲಿ ನಿಮ್ಮ ಪಾಲಿಗೆ ಬಂದಿದೆ. ನೀವು ಎಲ್ಲಿಯೇ ಇರಿ, ಮುಂದಿನ ಸಲ ಮನೆಗೆ ಕರೆ ಮಾಡಿದಾಗ ಕುಶಲಪ್ರಶ್ನೆಗಳಾದ ಮೇಲೆ ಐದು ನಿಮಿಷವನ್ನು ಇದಕ್ಕಾಗಿ ಇಡಿರಿ. ಗುಟ್ಟಿನ ಮಾತನ್ನು ಗೊತ್ತುಮಾಡಿರಿ. ೧೯೩೦ ಎಂಬ ಅಂಕೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಅಂಟಿಸುವಂತೆ ತಂಗಿಗೆ ಹೇಳಿರಿ. "ಹೆದರಿಸುವ ಕರೆ ಬಂದರೆ ಕಡಿದು ನನಗೆ ಫೋನು ಮಾಡಮ್ಮಾ, ನಡುರಾತ್ರಿಯಾದರೂ ಸರಿ" ಎಂದು ಒಂದು ಮಾತನ್ನು ಕೊಡಿರಿ. ಆ ಮಾತು ತಾಯಿಯ ನೆನಪಿನಲ್ಲಿ ಉಳಿದರೆ ಸಾಕು. ಜಗಲಿಯ ಮೇಲಿನ ಸಂಜೆಯ ಮಾತುಕತೆಯು ನಿರ್ಭಯವಾಗಿ ನಡೆಯುತ್ತಿರುವುದು.